ಕಕ್ಕುವ ಕೂಸನ್ನು ಅಂಗಾತವೇ ಮಲಗಿಸಿದೆ: ನನ್ನ ಅನುಭವ

ಕುಡಿದ ಹಾಲನ್ನೆಲ್ಲ ಕಕ್ಕುವ ಕೂಸನ್ನು ಅಂಗಾತ, ಸಪಾಟಾದ ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ ಮಲಗಿಸ್ತೀನಿ ಅಂದಾಗ ತಿಪಟೂರಿನ ನನ್ನ ತವರಲ್ಲಿ ಒಬ್ಬರೂ ಒಪ್ಪಲಿಲ್ಲ. "ಹಾಲು ನೆತ್ತಿಗೆ ಹತ್ತುತ್ತೆ ಕಣೇ, ಮಗ್ಗುಲಾಗಿ ಮಲಗಿಸು" ಅಂತ ಅಜ್ಜಿ. "ಬೋರಲು ಹಾಕು, ಗ್ಯಾಸ್ ಹೋಗುತ್ತೆ" ಅಂತ ಪಕ್ಕದ ಮನೆಯವರು. ಮಗಳಿಗೆ ಈಗ ಎಂಟು ತಿಂಗಳು. ಅಂಗಾತವೇ ಮಲಗಿ ಬೆಳೆದಳು, ಚೆನ್ನಾಗಿ ನಿದ್ದೆ ಮಾಡಿದಳು. ನಮ್ಮ ಬೀದಿಯ ಇಬ್ಬರು ಬಾಣಂತಿಯರು ಈಗ ನನ್ನನ್ನು ಕೇಳಿಯೇ ಹಾಸಿಗೆ ಹಾಸ್ತಾರೆ.

ಮೊದಲು ದುಡ್ಡು ಹೋದ ಕಥೆ. ತಲೆ ಎತ್ತರಕ್ಕಿರಲಿ ಅಂತ ಮನೆಯವರು ಓರೆ ದಿಂಬು ತರಿಸಿದರು, ಸುಮಾರು ಎರಡು ಸಾವಿರ. ಕೂಸು ಅರ್ಧ ಗಂಟೆಯಲ್ಲಿ ಕೆಳಕ್ಕೆ ಜಾರಿ, ಗದ್ದ ಎದೆಗೆ ಒತ್ತಿ, ಕತ್ತು ಮಡಚಿಕೊಂಡು ಮಲಗಿತ್ತು. ಆ ಮೂಗುಸಿರಿನ ಸದ್ದು ಕೇಳಿಯೇ ಎತ್ತಿಕೊಂಡೆ. ಅಂದೇ ಆ ದಿಂಬು ಅಟ್ಟ ಸೇರಿತು. ಅಮೆರಿಕದಲ್ಲಂತೂ 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ಕೂಸಿನ ಹಾಸಿಗೆಗಳ ಮಾರಾಟವನ್ನೇ 2022ರ ಕಾನೂನು ನಿಲ್ಲಿಸಿತು. ಕೂಸನ್ನು ಒರಗಿಸುವ ಬೌನ್ಸರ್‌ಗೆ ಇನ್ನೊಂದು ಎರಡೂವರೆ ಸಾವಿರ. ಅದರಲ್ಲಿ ಹೊಟ್ಟೆ ಮಡಚಿ ಒತ್ತಿ, ಕಕ್ಕುವುದು ಇನ್ನೂ ಜಾಸ್ತಿ. ಗ್ರೈಪ್ ವಾಟರ್, ಒಂದು ಕ್ಲಿನಿಕ್‌ನಲ್ಲಿ ಬರೆದುಕೊಟ್ಟ ಡ್ರಾಪ್ಸ್ ಎಲ್ಲ ಸೇರಿ ಏಳೆಂಟು ನೂರು. ಒಂದು ಚೂರೂ ವ್ಯತ್ಯಾಸ ಕಾಣಲಿಲ್ಲ.

ಕೊನೆಗೆ ಒಬ್ಬರು ಮಕ್ಕಳ ಡಾಕ್ಟರು ಚೀಟಿಯ ಹಿಂದೆ ಎರಡು ಗೆರೆ ಎಳೆದು ತೋರಿಸಿದರು. ಅಂಗಾತ ಮಲಗಿದಾಗ ಉಸಿರುನಾಳ ಮೇಲಿರುತ್ತೆ, ಅನ್ನನಾಳ ಕೆಳಗೆ. ಮೇಲೆ ಬಂದ ಹಾಲು ಉಸಿರಿನ ಕಡೆ ಏರಬೇಕಾಗುತ್ತೆ, ಹಾಗಾಗಿ ಕೂಸು ನುಂಗಿಕೊಳ್ಳುತ್ತೆ, ಇಲ್ಲ ಕೆಮ್ಮಿ ಹೊರಹಾಕುತ್ತೆ. ಬೋರಲು ಮಲಗಿಸಿದರೆ ಇದು ತಿರುಗುಮುರುಗು. ಅಮೆರಿಕದಲ್ಲಿ 1994ರಲ್ಲಿ 'ಬ್ಯಾಕ್ ಟು ಸ್ಲೀಪ್' ಅಂತ ಪ್ರಚಾರ ಶುರುವಾದ ಮೇಲೆ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಕೂಸುಗಳ ಸಂಖ್ಯೆ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು, ಹಾಲು ನೆತ್ತಿಗೆ ಹತ್ತಿ ಸಾಯುವುದು ಹೆಚ್ಚಲಿಲ್ಲ. ಇದಿಷ್ಟು ಹೇಳಿ ಅಜ್ಜಿಯನ್ನು ಒಪ್ಪಿಸಲು ಆಗಲಿಲ್ಲ. ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಮತ್ತು ಅಜ್ಜಿಯ ನಡುವೆಯೇ ಇರಲಿ.

ನನಗೆ ಗೊತ್ತಾಗಿದ್ದು ಇಷ್ಟು: ಕಕ್ಕುವುದಕ್ಕೆ ಮದ್ದು ಹಾಸಿಗೆಯಲ್ಲಿಲ್ಲ, ಹಾಸಿಗೆಗೆ ಇಳಿಸುವ ಮುಂಚಿನ ಅರ್ಧ ಗಂಟೆಯಲ್ಲಿದೆ. ಹೊಟ್ಟೆ ಬಿರಿಯುವಷ್ಟು ಒಂದೇ ಸಲಕ್ಕೆ ಕುಡಿಸುವುದನ್ನು ಬಿಟ್ಟು ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕುಡಿಸಿದೆ. ನನಗೆ ಹಾಲು ರಭಸ, ಹಾಗಾಗಿ ಮೊದಲ ಧಾರೆಯನ್ನು ಬಟ್ಟೆಗೆ ಬಿಟ್ಟು ಆಮೇಲೆ ಕಚ್ಚಿಸುತ್ತಿದ್ದೆ. ನ್ಯಾಪಿ ಬದಲಿಸುವುದು ಕುಡಿಸುವುದಕ್ಕೆ ಮುಂಚೆ. ಕುಡಿದ ಮೇಲೆ ಕಾಲೆತ್ತಿದರೆ ಹಾಲೆಲ್ಲ ಬಾಯಿಗೆ. ಇನ್ನು ಉಡಿದಾರ. ನಾಮಕರಣಕ್ಕೆ ಕಟ್ಟಿದ್ದು, ಕೂಸು ಮೈ ತುಂಬಿಕೊಂಡಂತೆ ಹೊಟ್ಟೆಯ ಮೇಲೆ ಕೆಂಪು ಗೆರೆ ಮೂಡಿಸಿತ್ತು. ಎರಡು ಬೆರಳು ಆಡುವಷ್ಟು ಸಡಿಲಿಸಿದ ಮೇಲೆ ಕಕ್ಕುವುದು ಕಡಿಮೆಯಾಯಿತು ಅಂತ ಗಟ್ಟಿಯಾಗಿ ಹೇಳ್ತೀನಿ.

ಕುಡಿದ ಮೇಲೆ ಇಪ್ಪತ್ತು-ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಳ್ಳುವುದು: ಎದೆಗೆ ಎದೆ, ಗದ್ದ ಹೆಗಲ ಮೇಲೆ, ಹೊಟ್ಟೆ ಮಡಚದ ಹಾಗೆ. ಇಷ್ಟು ಹೊತ್ತು ನಾನೂ ಎಚ್ಚರವಾಗೇ ಇರಬೇಕು, ಕಣ್ಣು ಎಳೆಯುತ್ತಿದ್ದರೆ ಅಮ್ಮನ ಕೈಗೆ ಕೊಡುತ್ತಿದ್ದೆ. ತೇಗು ಬರಿಸಲು ಬೆನ್ನಿನ ಮೇಲೆ ಕೈ ಎಲ್ಲಿಡ್ತೀನಿ ಅನ್ನೋದು ಬರೆದರೆ ತಿಳಿಯಲ್ಲ, ಮನೆಗೆ ಬಂದವರಿಗೆ ತೋರಿಸ್ತೀನಿ. ಹಾಸಿಗೆಗೆ ಇಳಿಸುವಾಗ ಮೊದಲು ಪಾದ, ಆಮೇಲೆ ಕುಂಡೆ, ಬೆನ್ನು, ಕೊನೆಗೆ ತಲೆ. ಎದೆಯ ಮೇಲೆ ಅಂಗೈ ಹಗುರವಾಗಿ ಇಟ್ಟುಕೊಂಡಿದ್ದು, ಉಸಿರು ನಿಧಾನವಾದ ಮೇಲೆ ಒಂದೊಂದೇ ಬೆರಳು ತೆಗೆಯುವುದು. ತಲೆ ಮೊದಲು ತಾಗಿದರೆ ಬೆಚ್ಚಿ ಎದ್ದುಬಿಡ್ತಾಳೆ.

ಹಾಸಿಗೆಗೆ ಮಾತ್ರ ಖರ್ಚು ಮಾಡಿದ್ದು ಸಾರ್ಥಕ. ತೆಂಗಿನ ನಾರಿಗೆ ನಮ್ಮೂರಲ್ಲಿ ಬರವೇ! ಹಳೇ ಮರದ ತೊಟ್ಟಿಲ ಹಲಗೆಯ ಅಳತೆ ಕೊಟ್ಟು ಗಟ್ಟಿ ನಾರಿನ ಹಾಸಿಗೆ ಮಾಡಿಸಿದೆ, ಒಂದು ಸಾವಿರದ ಆಸುಪಾಸು. ಅಂಚಿನಲ್ಲಿ ಎರಡು ಬೆರಳು ತೂರುವಷ್ಟೂ ಸಂದು ಇರಬಾರದು. ತೊಟ್ಟಿಲು ಓಲಾಡದ ಹಾಗೆ ಕಟ್ಟಿಟ್ಟೆ. ಮೇಲೆ ಒಂದು ಬಿಗಿ ಬಟ್ಟೆ, ಅಷ್ಟೇ. ಸಾಸಿವೆ ದಿಂಬು, ಕಂಬಳಿ, ಗೊಂಬೆ ಯಾವುದೂ ಇಲ್ಲ. ಮಲಗಿದಾಗ ಕುಲಾವಿಯೂ ಇಲ್ಲ, ತಲೆಯ ಕಾವು ಏರುತ್ತೆ.

ಎಡಮಗ್ಗುಲ ಪ್ರಯೋಗವನ್ನೂ ಮಾಡಿ ನೋಡಿದೆ. ಎಚ್ಚರವಿದ್ದಾಗ, ನನ್ನ ತೊಡೆಯ ಪಕ್ಕದಲ್ಲೇ, ಕಣ್ಣೆದುರಿಗೆ. ಬಟ್ಟೆಯ ಮೇಲಿನ ಹಾಲಿನ ಕಲೆ ನೋಡಿದರೆ ಕಕ್ಕಿದ್ದು ಸ್ವಲ್ಪ ಕಡಿಮೆಯೇ. ಆದರೆ ಮಗ್ಗುಲಿಂದ ಬೋರಲಾಗಲು ಒಂದು ಕ್ಷಣ ಸಾಕು, ಅದಕ್ಕೇ ನಿದ್ದೆಗೆ ಎಂದೂ ಬಳಸಲಿಲ್ಲ. ತಲೆ ಚಪ್ಪಟೆಯಾಗುತ್ತೆ ಅನ್ನೋರಿಗೆ: ಕೂಸು ಎದ್ದಿರುವಾಗ ನಾವು ನೋಡುತ್ತಾ ಬೋರಲು ಆಡಿಸಿ, ಮಲಗಿಸುವಾಗ ತಲೆಯ ದಿಕ್ಕು ದಿನ ಬಿಟ್ಟು ದಿನ ಬದಲಿಸಿ. ನನ್ನ ಮಗಳ ತಲೆ ಗುಂಡಗಿದೆ.

ನಾಲ್ಕನೇ ತಿಂಗಳಲ್ಲಿ ಕಕ್ಕುವುದು ತುದಿ ಮುಟ್ಟಿ ಆಮೇಲೆ ಇಳಿಯಿತು. ಅಂಗನವಾಡಿಯಲ್ಲಿ ತೂಕ ಏರುತ್ತಲೇ ಇದ್ದುದರಿಂದ ನಾನು ಹೆದರಲಿಲ್ಲ. ತೂಕ ನಿಂತರೆ, ಕಕ್ಕಿದ್ದರಲ್ಲಿ ಹಸಿರು ಅಥವಾ ರಕ್ತ ಕಂಡರೆ, ಪಿಚಕಾರಿಯಂತೆ ದೂರ ಚಿಮ್ಮಿದರೆ, ಉಸಿರು ಕಟ್ಟಿ ಮೈ ನೀಲಿಗಟ್ಟಿದರೆ ನನ್ನ ಬರಹ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ. ಮಗುಚುವ ಸೂಚನೆ ಕಂಡ ದಿನವೇ ಬಟ್ಟೆ ಸುತ್ತುವುದನ್ನು ನಿಲ್ಲಿಸಿದೆ. ಈಗ ಎರಡೂ ಕಡೆ ತಾನೇ ಹೊರಳುತ್ತಾಳೆ. ಅಂಗಾತ ಮಲಗಿಸ್ತೀನಿ, ರಾತ್ರಿ ತಾನಾಗೇ ಹೊರಳಿಕೊಂಡರೆ ಎಬ್ಬಿಸಿ ತಿರುಗಿಸಲು ಹೋಗಲ್ಲ.