ವ್ಯಾಕ್ಯೂಮ್ ಹಾಕುವ ಮುನ್ನ: ಮಗುವಿನ ಹಿಂದಲೆ ಯಾವ ಕಡೆಗಿದೆ?

ಹೆರಿಗೆಯಲ್ಲಿ ಮಗುವಿನ ತಲೆ ಎಳೆಯಲು ವ್ಯಾಕ್ಯೂಮ್ (ತಲೆಗೆ ಅಂಟಿಕೊಳ್ಳುವ ಹೀರುಕಪ್) ಆಗಲಿ ಫೋರ್ಸೆಪ್ಸ್ (ಇಕ್ಕಳ) ಆಗಲಿ, ಕೈಗೆತ್ತಿಕೊಳ್ಳುವ ಮುನ್ನ ಮಗುವಿನ ಹಿಂದಲೆ ಎತ್ತ ತಿರುಗಿದೆ ಎಂದು ಖಚಿತವಾಗಬೇಕು. ಅಂದಾಜಿನಲ್ಲಿ ಹಾಕಿದ ಕಪ್ ಮುಂದಲೆಯ ಕಡೆ ಕೂತರೆ, ಎಳೆದಾಗ ಗದ್ದ ಎದೆಗೆ ಬಾಗುವ ಬದಲು ಮೇಲೇಳುತ್ತದೆ, ಕಪ್ ಕಳಚುತ್ತದೆ, ತಲೆಚರ್ಮಕ್ಕೆ ಪೆಟ್ಟಾಗುತ್ತದೆ.

ತಾಯಿಯ ಮೂತ್ರಕೋಶ ಖಾಲಿ ಮಾಡಿಸಿ, ಮೊದಲು ಹೊಟ್ಟೆ ಮುಟ್ಟಿ ನೋಡಿ. ಅವಸರದಲ್ಲಿ ಬಿಟ್ಟುಹೋಗುವುದು ಈ ಹೆಜ್ಜೆಯೇ. ತಲೆಯನ್ನು 5 ಪಾಲು ಎಂದುಕೊಂಡರೆ, ಪ್ಯೂಬಿಕ್ ಮೂಳೆಯ (ಕಿಬ್ಬೊಟ್ಟೆಯ ಕೆಳತುದಿಯ ಮೂಳೆ) ಮೇಲೆ 1 ಪಾಲಿಗಿಂತ ಹೆಚ್ಚು ಸಿಗಬಾರದು. 2 ಪಾಲು ಸಿಕ್ಕರೆ ತಲೆ ಇನ್ನೂ ಇಳಿದಿಲ್ಲ. ಆಗ ಒಳಗೆ ಬೆರಳಿಗೆ ತಗ್ಗಿನಲ್ಲಿ ಸಿಗುತ್ತಿರುವುದು ಕ್ಯಾಪುಟ್, ಅಂದರೆ ತಲೆಚರ್ಮದ ಬಾವು.

ತಾಯಿಗೆ ವಿವರಿಸಿ, ಒಪ್ಪಿಗೆ ಪಡೆದು, ನೋವು ಬಿಟ್ಟಿರುವ ಹೊತ್ತಿನಲ್ಲಿ ಒಳಪರೀಕ್ಷೆ ಮಾಡಿ. ಗರ್ಭಕಂಠ 10 ಸೆಂ.ಮೀ. ತೆರೆದಿರಬೇಕು, ನೀರು ಹೋಗಿರಬೇಕು. ತಲೆಯ ನಡುಗೆರೆ, ಅಂದರೆ ತಲೆಮೂಳೆಗಳು ಕೂಡುವ ನಡುವಿನ ಗೆರೆ, ಹಿಡಿದು ಬೆರಳನ್ನು ಎರಡೂ ತುದಿಗೆ ಒಯ್ಯಿರಿ. ಹಿಂದಿನ ಫಾಂಟನೆಲ್ (ಮೂಳೆಗಳ ನಡುವಿನ ಮೆತ್ತನೆಯ ಜಾಗ) ಚಿಕ್ಕದು, ಅಲ್ಲಿ 3 ಗೆರೆ ಕೂಡುತ್ತವೆ. ಮುಂದಿನದು ಅಗಲ, ಮೆತ್ತಗೆ, 4 ಗೆರೆ. ಆಕಾರವನ್ನು ನೆಚ್ಚಬೇಡಿ, ಗೆರೆ ಎಣಿಸಿ: ಮೋಲ್ಡಿಂಗ್ ಆದಾಗ ಮೂಳೆಗಳು ಒಂದರ ಮೇಲೊಂದು ಏರಿ ಅಗಲವಾದದ್ದೂ ಕಿರಿದಾಗುತ್ತದೆ.

ಕ್ಯಾಪುಟ್ ಗೆರೆಗಳನ್ನೆಲ್ಲ ಮುಚ್ಚಿದ್ದರೆ ಕಿವಿ ಹುಡುಕಬಹುದು. ಕಿವಿಯ ಬಿಡಿ ಅಂಚು ಹಿಂದಲೆಯ ಕಡೆಗಿರುತ್ತದೆ. ಆದರೆ ಅದು ಮುಂದಕ್ಕೆ ಮಡಚಿಕೊಂಡಿರಬಹುದು, ಆದ್ದರಿಂದ ಬುಡವನ್ನೂ ಮುಟ್ಟಿ ನೋಡಿ. ತಾಯಿಗೆ ಇದು ನೋವಿನ ಪರೀಕ್ಷೆ.

ಹೆರಿಗೆ ಕೋಣೆಯಲ್ಲಿ ಸ್ಕ್ಯಾನ್ ಯಂತ್ರ ಇದ್ದರೆ ಬಳಸುವುದು ಒಳ್ಳೆಯದು. ಐರ್ಲೆಂಡಿನ ಅಧ್ಯಯನವೊಂದರಲ್ಲಿ (2014) ಬರೀ ಕೈಪರೀಕ್ಷೆಯಲ್ಲಿ ನೂರಕ್ಕೆ 20.2 ಸಲ ತಪ್ಪಾಗಿತ್ತು. ಸ್ಕ್ಯಾನ್ ಸೇರಿಸಿದಾಗ 1.6. ಪ್ರೋಬನ್ನು ಪ್ಯೂಬಿಕ್ ಮೂಳೆಯ ಮೇಲೆ ಅಡ್ಡ ಹಿಡಿಯಿರಿ. ಎರಡು ಕಣ್ಣಿನ ಗೂಡು ಮೇಲ್ಮುಖವಾಗಿ ಕಂಡರೆ ಹಿಂದಲೆ ತಾಯಿಯ ಬೆನ್ನಿನ ಕಡೆಗಿದೆ. ಮಿದುಳಿನ ನಡುಗೆರೆ ಅಡ್ಡ ಮಲಗಿದ್ದರೆ ತಲೆ ಇನ್ನೂ ಅಡ್ಡವಾಗಿದೆ. ಪರದೆಯಲ್ಲಿ ಕಂಡದ್ದಕ್ಕೂ ಬೆರಳಿಗೆ ಸಿಕ್ಕಿದ್ದಕ್ಕೂ ತಾಳೆಯಾಗದಿದ್ದರೆ ಹಿರಿಯ ವೈದ್ಯರನ್ನು ಕರೆಯಿರಿ, ಅಲ್ಲಿಯವರೆಗೆ ಉಪಕರಣ ಹಾಕಬೇಡಿ.

ಕಪ್ಪಿನ ನಡುಬಿಂದು ತಲೆಯ ನಡುಗೆರೆಯ ಮೇಲೆ, ಹಿಂದಿನ ಫಾಂಟನೆಲ್‌ಗಿಂತ 3 ಸೆಂ.ಮೀ. ಮುಂದೆ ಬರಬೇಕು. ಎಳೆಯುವ ಮುನ್ನ ಕಪ್ಪಿನ ಸುತ್ತ ಒಮ್ಮೆ ಬೆರಳಾಡಿಸಿ, ತಾಯಿಯ ಮೈ ಸಿಕ್ಕಿಕೊಂಡಿಲ್ಲ ಎಂದು ನೋಡಿಕೊಳ್ಳಿ.