ಬೆಲ್ಲವಿಲ್ಲದ ಒಬ್ಬಟ್ಟು: ನನ್ನ ಅನುಭವ

ಮಂಡ್ಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮದುವೆ ಅಡುಗೆ ಮಾಡುತ್ತಿರುವ ನಾನು ಬೆಲ್ಲ ಹಾಕದೆ ಒಬ್ಬಟ್ಟು ಮಾಡುತ್ತೇನೆಂದಾಗ, ಆಲೆಮನೆಯ ಹೊಗೆ ಕುಡಿದು ಬೆಳೆದವನಿಗೆ ಬುದ್ಧಿ ಕೆಟ್ಟಿದೆ ಎಂದು ನಮ್ಮ ಕಸುಬಿನವರೇ ನಕ್ಕರು. ಸಕ್ಕರೆ ಕಾಯಿಲೆ ಬಂದ ಮೇಲೆ, ಯುಗಾದಿಯ ದಿನ ಎಲ್ಲರ ಎಲೆಗೂ ಬಡಿಸಿ ನಾನು ಮಾತ್ರ ಮಜ್ಜಿಗೆ ಅನ್ನ ಉಣ್ಣುವ ಸಂಕಟ ಅವರಿಗೆ ಗೊತ್ತಿರಲಿಲ್ಲ.

ಮೊದಲು ಕಾಫಿಗೆ ಸಕ್ಕರೆಯ ಬದಲು ಹಾಕುವ ಆಸ್ಪರ್ಟೇಮ್ ಮಾತ್ರೆಗಳನ್ನು ಪುಡಿ ಮಾಡಿ ಹೂರಣಕ್ಕೆ ಬೆರೆಸಿದೆ. ಅದು ಶಾಖಕ್ಕೆ ಒಡೆದುಹೋಗುವ ವಸ್ತುವಾದ್ದರಿಂದ, ಒಬ್ಬಟ್ಟು ಕಾವಲಿಯಿಂದ ಇಳಿಯುವಷ್ಟರಲ್ಲಿ ಉಳಿದದ್ದು ಬೇಳೆಯ ರುಚಿಯಷ್ಟೇ. ಇನ್ನೊಂದು ಸಿಹಿಕಾರಕವಾದ ಸುಕ್ರಲೋಸ್ ಒಬ್ಬಟ್ಟಿನ ಬಿಸಿಗೆ ಸಿಹಿ ಕಳೆದುಕೊಳ್ಳುವುದಿಲ್ಲ, ಆದರೆ ಅದು ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ್ದರಿಂದ ಒಂದು ಕೆಜಿ ಬೆಲ್ಲ ಬೀಳುವ ಕಡೆ ಒಂದೂವರೆ ಗ್ರಾಂ ಸಾಕು. ಚಮಚದ ಅಂದಾಜಿನಲ್ಲಿ ಹಾಕಿ ಎಂಟು ಕೆಜಿ ಹೂರಣವನ್ನು ಕಲಗಚ್ಚಿಗೆ ಸುರಿದ ಮೇಲೆಯೇ ನಾನು ಚಿನ್ನ ತೂಗುವಂಥ ಸಣ್ಣ ತಕ್ಕಡಿ ಕೊಂಡದ್ದು. ತೂಕ ಸರಿಹೋದರೂ ಬೆಲ್ಲ ಕೊಡುತ್ತಿದ್ದ ಅಂಟು, ಪಸೆ ಎರಡೂ ಇಲ್ಲದೆ ಹೂರಣ ಮರಳಿನಂತೆ ಉದುರಿತು. ಕಣಕ ತಟ್ಟುವಾಗಲೇ ಹರಿಯಿತು.

ಪಸೆಗಾಗಿ ಸಕ್ಕರೆಯ ಬದಲು ಬಳಸುವ ಮಾಲ್ಟಿಟಾಲ್ ತಂದೆ. ಹೂರಣ ಬೆಣ್ಣೆಯಂತಾಯಿತು. ಗೆದ್ದೆನೆಂದುಕೊಂಡು ಒಂದು ನಾಮಕರಣಕ್ಕೆ ಅರವತ್ತು ಒಬ್ಬಟ್ಟು ಕೊಟ್ಟೆ. ಸಕ್ಕರೆ ಇಲ್ಲವೆಂಬ ಧೈರ್ಯದಲ್ಲಿ ಮೂರು ನಾಲ್ಕು ತಿಂದ ಹಿರಿಯರಿಗೆಲ್ಲ ಅಂದು ರಾತ್ರಿಯೇ ಹೊಟ್ಟೆ ಉಬ್ಬರ, ಭೇದಿ. ಸಣ್ಣ ಕರುಳು ಹೀರದೆ ಬಿಟ್ಟ ಮಾಲ್ಟಿಟಾಲ್ ದೊಡ್ಡ ಕರುಳಿಗಿಳಿದು ನೀರನ್ನು ಎಳೆದುಕೊಂಡು ಹುಳಿಯುತ್ತದೆ, ಹೀರಿದ ಭಾಗ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ ಎಂಬುದನ್ನು ಆಮೇಲೆ ತಿಳಿದುಕೊಂಡೆ. ಹಣ ಹಿಂದಿರುಗಿಸಿದೆ; ಅಲ್ಲಿಯವರೆಗಿನ ನಷ್ಟ ಹದಿನೆಂಟು ಸಾವಿರದ ಹತ್ತಿರ.

ಅದೇ ಜಾತಿಯ ಇನ್ನೊಂದು ಸಿಹಿಕಾರಕ ಎರಿಥ್ರಿಟಾಲ್ ಹೊಟ್ಟೆಗೆ ಹಗುರ, ಏಕೆಂದರೆ ಬಹುಪಾಲು ಮೂತ್ರದಲ್ಲೇ ಹೊರಹೋಗುತ್ತದೆ. ಕೆಜಿಗೆ ಆರುನೂರರ ಆಸುಪಾಸು ಕೊಟ್ಟು ತಂದದ್ದು ಬೆಳಗಾಗುವಷ್ಟರಲ್ಲಿ ಹರಳುಗಟ್ಟಿ, ನಾಲಿಗೆಗೆ ತಣ್ಣಗೆ ತಾಗಿತು. ರಕ್ತದಲ್ಲಿ ಅದರ ಮಟ್ಟ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡವೆಂದು 2023ರ ಒಂದು ಅಧ್ಯಯನ ಹೇಳಿತು. ಅದೇ ಕಾರಣವೆಂದು ಸಾಬೀತಾಗಿಲ್ಲವಾದರೂ ಕೈಬಿಟ್ಟೆ.

ಕೊನೆಗೆ ಸುಕ್ರಲೋಸ್‌ಗೇ ಮರಳಿ, ಅದನ್ನು ಬೆಚ್ಚಗಿನ ಕಾಯಿಹಾಲಿನಲ್ಲಿ ಕರಗಿಸಿ, ಕಾಯಿತುರಿಯನ್ನು ಹೆಚ್ಚಿಸಿ, ಕಟ್ಟು ಬಸಿದ ಬೇಳೆಯೊಂದಿಗೆ ರುಬ್ಬಿದೆ. ಪಸೆ ಹಿಡಿಯಲು ಬೇಯಿಸಿದ ಒಂದು ತರಕಾರಿಯೂ ಬೀಳುತ್ತದೆ, ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕಣಕಕ್ಕೆ ಅರ್ಧ ಗೋಧಿ ಹಿಟ್ಟು, ಗಾತ್ರ ಅಂಗೈಗಿಂತ ಚಿಕ್ಕದು. ಊಟವಾದ ಎರಡು ಗಂಟೆಗೆ ನನ್ನ ಬೆರಳನ್ನೇ ಚುಚ್ಚಿಕೊಂಡು ನೋಡಿದ ನೆನಪಿನಂತೆ, ರಕ್ತದ ಸಕ್ಕರೆ ಬೆಲ್ಲದ ಎರಡು ಒಬ್ಬಟ್ಟಿಗೆ 250 ದಾಟಿದ್ದು, ಮಾಲ್ಟಿಟಾಲ್‌ಗೆ 210ರಷ್ಟು, ಇದಕ್ಕೆ 170ರ ಸುತ್ತಮುತ್ತ. ಹಿಟ್ಟು, ಬೇಳೆ ಇರುವ ತನಕ ಇನ್ನೂ ಕೆಳಗಿಳಿಯುವುದು ಕಷ್ಟ.

ಇದೇ ಹುರುಪಿನಲ್ಲಿ ಕಜ್ಜಾಯಕ್ಕೂ ಕೈ ಹಾಕಿದ್ದೆ. ಸುಕ್ರಲೋಸನ್ನು 120 ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಹಾನಿಕರ ಕ್ಲೋರಿನ್ ಸಂಯುಕ್ತಗಳು ಹುಟ್ಟಬಹುದೆಂದು ಜರ್ಮನಿಯ ಸರ್ಕಾರಿ ಸಂಸ್ಥೆಯೊಂದು 2019ರಲ್ಲಿ ಎಚ್ಚರಿಸಿದ್ದು ತಿಳಿದು, ಎಣ್ಣೆಗೆ ಬಿಡುವ ತಿಂಡಿಗೆ ಅದನ್ನು ಹಾಕುವುದನ್ನೇ ನಿಲ್ಲಿಸಿದೆ. ಹೂರಣದಲ್ಲಿ ನೀರಿನ ಪಸೆ ಇರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿಯ ಆಚೀಚೆಯೇ ಇರುತ್ತದೆ.

ಸಣ್ಣಗಾಗಲು ಇದನ್ನೇ ತಿನ್ನುತ್ತೇವೆ ಎಂದು ಬರುವವರಿಗೆ ನಾನು ಮಾರುವುದಿಲ್ಲ. ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆ ಸಲಹೆಯಿಂದ ಹೊರಗಿಟ್ಟಿರುವುದು ನನ್ನಂತೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಮಾತ್ರ. ಕಳೆದ ಯುಗಾದಿಗೆ ಒಂದಕ್ಕೆ ಮೂವತ್ತೈದು ರೂಪಾಯಿಯಂತೆ ನಾನೂರಕ್ಕೂ ಹೆಚ್ಚು ಹೋದವು. ಅಂದು ನಕ್ಕವರಲ್ಲಿ ಇಬ್ಬರು ಈಗ ಹೂರಣವನ್ನು ನನ್ನಿಂದಲೇ ಒಯ್ಯುತ್ತಾರೆ, ಒಯ್ಯುವಾಗಲೆಲ್ಲ ತರಕಾರಿ ಯಾವುದೆಂದು ಕೇಳುತ್ತಾರೆ.