ಬ್ಲೀಚಿಂಗ್ ಪೌಡರ್, ಆಸಿಡ್, ಫಿನಾಯಿಲ್: ವೃದ್ಧಾಶ್ರಮದಲ್ಲಿ ಎಲ್ಲಿಡಬೇಕು, ಹೇಗಿಡಬೇಕು?

ಮಳೆಗಾಲಕ್ಕೆ ಮೊದಲೇ ಅಕ್ಕಿ, ಸೌದೆ ತುಂಬಿಡುವುದು ಕೊಡಗಿನವರ ಹಳೇ ಅಭ್ಯಾಸ. ಬ್ಲೀಚಿಂಗ್ ಪೌಡರನ್ನೂ ಹಾಗೆ ಮೂಟೆಗಟ್ಟಲೆ ತಂದಿಟ್ಟರೆ ದುಡ್ಡು ದಂಡ. ತೇವ ತಗುಲಿದರೆ ಅದು ಗಂಟುಕಟ್ಟುತ್ತದೆ, ಕ್ಲೋರಿನ್ ಬಿಟ್ಟುಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. ತಿಂಗಳಿಗೆ ಬೇಕಾದಷ್ಟೇ ತನ್ನಿ. ತಗಡಿನ ಡಬ್ಬ ಬೇಡ, ತುಕ್ಕು ಹಿಡಿಯುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, ಹಲಗೆಯ ಮೇಲಿಡಿ.

ಮೊದಲ ಕೆಲಸ ಜಾಗ ಹುಡುಕುವುದು. ಅಡುಗೆಮನೆ, ಔಷಧಿ ಕಪಾಟು, ಹಂಡೆ ಒಲೆ, ಈ ಮೂರರಿಂದಲೂ ದೂರವಿರಲಿ. ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಇರುತ್ತದೆ, ಬೆಂಕಿಯ ಹತ್ತಿರ ಇಡಲೇಬಾರದು. ಕೋಣೆಗೆ ಬೀಗವೂ ಬೇಕು, ಗಾಳಿಯಾಡಲು ಜಾಲರಿಯೂ ಬೇಕು. ಮಳೆ ಎರಚುತ್ತದೆ ಅಂತ ಜಾಲರಿಗೆ ಗೋಣಿ ಕಟ್ಟಬೇಡಿ, ಹೊರಗಡೆ ಒಂದು ಸಣ್ಣ ಮಾಡು ಇಳಿಸಿ.

ಆಮೇಲೆ ಬೇರೆ ಮಾಡುವುದು. ಇದೇ ಮುಖ್ಯ. ಟಾಯ್ಲೆಟ್ ತೊಳೆಯುವ ಆಸಿಡ್ ಬ್ಲೀಚಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲೇ ಉಬ್ಬಸ ಇರುವ ಅಜ್ಜನಿಗೆ ಅದರ ನಾಲ್ಕು ಉಸಿರೂ ಅಪಾಯ. ಅಮೋನಿಯಾ ಇರುವ ಕ್ಲೀನರನ್ನೂ ಬ್ಲೀಚಿಗೆ ಸೇರಿಸಬಾರದು. ಒಂದೇ ಕಪಾಟಿನ ಮೇಲೆ ಕೆಳಗೆ ಇಟ್ಟರೆ ಸಾಲದು, ಮೇಲಿನದು ಸೋರಿದರೆ ಕೆಳಗಿನದಕ್ಕೇ ಬೀಳುತ್ತದೆ ಅಲ್ವಾ? ಕೋಣೆಯ ಎರಡು ಬದಿಗಿಡಿ, ಎರಡೂ ನೆಲಮಟ್ಟದಲ್ಲಿ, ಅಡಿಗೆ ಪ್ಲಾಸ್ಟಿಕ್ ಟ್ರೇ ಇಟ್ಟು. ಕಣ್ಣಿನ ಎತ್ತರಕ್ಕಿಂತ ಮೇಲೆ ಯಾವ ದ್ರವವೂ ಬೇಡ.

ಕೂಲ್‌ಡ್ರಿಂಕ್ ಬಾಟಲಿಗೆ ಸುರಿದಿಡುವುದನ್ನು ಖಂಡಿತ ನಿಲ್ಲಿಸಿ. ಬಿಳಿ ಫಿನಾಯಿಲ್ ನೀರಿಗೆ ಬಿದ್ದರೆ ಹಾಲಿನಂತೆ ಕಾಣುತ್ತದೆ. ಮರೆವಿನ ಕಾಯಿಲೆಯವರು, ಕಣ್ಣು ಮಂಜಾದವರು ಸುಮ್ನೆ ಎತ್ತಿ ಕುಡಿದುಬಿಡುತ್ತಾರೆ. ಬಂದ ಬಾಟಲಿಯಲ್ಲೇ ಇರಲಿ, ಚೀಟಿ ಕಿತ್ತುಹೋಗಿದ್ದರೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿ. ಒರೆಸುವಾಗ ಬಕೆಟ್ ವರಾಂಡದಲ್ಲಿ ಬಿಟ್ಟು ಚಹಾಕ್ಕೆ ಹೋಗುವುದೂ ಬೇಡ. ಕೀ ಒಬ್ಬರ ಹತ್ತಿರವಿರಲಿ, ಇನ್ನೊಂದು ಆಫೀಸಿನಲ್ಲಿ.

ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ, ಉಪ್ಪುನೀರನ್ನೂ ಕೊಡಬೇಡಿ. ಸುಡುವ ದ್ರವ ಮೇಲೆ ಬರುವಾಗ ಗಂಟಲನ್ನು ಮತ್ತೆ ಸುಡುತ್ತದೆ. ಕಣ್ಣಿಗೆ ಬಿದ್ದರೆ 15–20 ನಿಮಿಷ ಧಾರೆಯಾಗಿ ನೀರು ಬಿಡಿ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಜೋರು ಮಳೆಗೆ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುವ ಊರಾದರೆ, ರಾತ್ರಿ ಯಾರ ಜೀಪು ಹೊರಡಬೇಕು ಅಂತ ಜೂನ್ ಬರುವ ಮೊದಲೇ ಮಾತಾಡಿಟ್ಟುಕೊಳ್ಳಿ.